ಬುತ್ತಿ ಕಟ್ಟಿಕೊಂಡು ಕಲೆಯ ಬಾಗಿಲಿಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಆದರೆ ತಿಂಗಳ ಸಂಬಳದಲ್ಲಿ ಮನೆಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಊರಿನಲ್ಲಿರುವ ತಂದೆತಾಯಿಗಳ ಔಷಧದ ಖರ್ಚು ಕಳೆದ ಮೇಲೆ ದೇಶ ಸುತ್ತಲು ಉಳಿಯುವುದಾದರೂ ಏನು? ಹೊಸೂರು ರಸ್ತೆಯ ನಮ್ಮ ಚಂದಾಪುರದಲ್ಲಿ ಇಂಥ ಸಂಸಾರಗಳೇ ಹೆಚ್ಚು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳನ್ನು ನಂಬಿ ಬಾಗಲಕೋಟೆ, ವಿಜಯಪುರ, ಕಲಬುರಗಿಯ ಕಡೆಯಿಂದ ಬಂದು ನೆಲೆಸಿದವರು ಎಷ್ಟೋ ಮಂದಿ. ಹತ್ತು ವರ್ಷಗಳಿಂದ ಇಲ್ಲಿದ್ದರೂ ಬೆಂಗಳೂರೆಂದರೆ ಅವರಿಗೆ ಮೆಜೆಸ್ಟಿಕ್ ಬಸ್ ನಿಲ್ದಾಣ ಮತ್ತು ಆಸ್ಪತ್ರೆ, ಇವೆರಡೇ. ರಜೆಯ ದಿನ ಮಕ್ಕಳು ಹಟ ಹಿಡಿದರೆ ಮಾಲ್‌ಗೆ ಕರೆದೊಯ್ಯುವುದು, ಸಂಜೆ ಬರಿಗೈಯಲ್ಲಿ ಮರಳಿ ಜಮಾಖರ್ಚು ನೋಡಿ ಪರಿತಪಿಸುವುದು ವಾಡಿಕೆಯಾಗಿದೆ.

ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಒಂದು ಭಾನುವಾರ ಮಗನಿಗೆ ಕಾರ್ಖಾನೆಯಲ್ಲಿ ಪಾಳಿ ಇತ್ತು. ನಾನು ಸೊಸೆಯನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೊರಟೆ. ಮಾಣಿಕ್ಯವೇಲು ಭವನವೆಂಬ ಹಳೆಯ ಬಂಗಲೆಯಲ್ಲಿ 2009ರ ಫೆಬ್ರವರಿಯಲ್ಲಿ ತೆರೆದ ಸಂಸ್ಥೆಯದು. ಹೆಬ್ಬಾಗಿಲ ಬಳಿ ಬಂದಾಗ ಸೊಸೆಯ ಹೆಜ್ಜೆ ನಿಂತಿತು. ಸೆರಗನ್ನು ಸರಿಪಡಿಸಿಕೊಳ್ಳುತ್ತ, "ಮಾವಾರ, ನಮ್ಮಂಥವರನ್ನ ಒಳಗ ಬಿಡ್ತಾರೇನ್ರಿ?" ಎಂದು ಮೆಲ್ಲನೆ ಕೇಳಿದಳು.

ಆ ಮಾತು ನನ್ನನ್ನು ಚುಚ್ಚಿತು. ಮಾಲಿನ ಬಾಗಿಲಲ್ಲಿ ಆಕೆ ಹೀಗೆ ಕೇಳಿರಲಿಲ್ಲ. ಜನತೆಯ ತೆರಿಗೆಯ ಹಣದಿಂದ ನಡೆಯುವ, ಆಕೆಗೂ ಸಮನಾದ ಹಕ್ಕಿರುವ ಸ್ಥಳದಲ್ಲಿ ಮಾತ್ರ ಅನ್ಯಳೆಂಬ ಭಾವ ಮೂಡಿತ್ತು. ಹಣದ ಅಡಚಣೆಗಿಂತ ದೊಡ್ಡದಾದ ಅಡಚಣೆ ಇದೇ ಎಂದು ನನಗೆ ಅಂದು ಮನವರಿಕೆಯಾಯಿತು.

ವಯಸ್ಕರಿಗೆ ತಲಾ 20 ರೂಪಾಯಿ ತೆತ್ತು ಒಳಗೆ ಹೋದೆವು. ಯಾರೂ ತಡೆಯಲಿಲ್ಲ. ಕೋಣೆಯಿಂದ ಕೋಣೆಗೆ ಸುಮ್ಮನೆ ನಡೆಯುತ್ತಿದ್ದ ಸೊಸೆ ಒಂದು ಚಿತ್ರದ ಮುಂದೆ ನಿಂತವಳು ಕದಲಲೇ ಇಲ್ಲ. ಅದು ಜಾಮಿನಿ ರಾಯ್ ಅವರ ಚಿತ್ರ. ದಪ್ಪ ರೇಖೆ, ದೊಡ್ಡ ಕಣ್ಣು, ನಾಲ್ಕೇ ಬಣ್ಣ. "ನಮ್ಮವ್ವ ಹಬ್ಬಕ್ಕ ಗ್ವಾಡಿಗೆ ಸುಣ್ಣದಾಗ ಹಿಂಗ ಬರೀತಿದ್ಳರೀ" ಎಂದಳು. ಅವಳ ಊಹೆ ತಪ್ಪಾಗಿರಲಿಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ತರಬೇತಿ ಪಡೆದಿದ್ದ ರಾಯ್ ಅವರು ಅದನ್ನು ಬದಿಗಿಟ್ಟು, ಬಂಗಾಳದ ಹಳ್ಳಿಯ ಚಿತ್ರಕಾರರಿಂದ ಕಲಿತವರು. ಹಳ್ಳಿಯ ತಾಯಂದಿರ ಕೈಯ ರೇಖೆಯ ಬಂಧುವೊಂದು ಗಾಜಿನ ಚೌಕಟ್ಟಿನೊಳಗೆ ಗೌರವದಿಂದ ಕುಳಿತಿರುವುದನ್ನು ಕಂಡ ಮೇಲೆ ಆಕೆಯ ಸಂಕೋಚ ಕರಗಿತು. ಮುಂದಿನ ಕೋಣೆಗಳಲ್ಲಿ ಮಕ್ಕಳಿಗೆ ಆಕೆಯೇ ಮಾರ್ಗದರ್ಶಕಿಯಾದಳು!

ಕಲ್ಲು ಹೇಳುವ ಕಥೆಗಳು

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪಿತವಾದುದು. ದಕ್ಷಿಣ ಭಾರತದ ಅತ್ಯಂತ ಹಳೆಯ ಸಂಗ್ರಹಾಲಯಗಳಲ್ಲೊಂದು. ಇದರ ಸಂಗ್ರಹದಲ್ಲಿರುವ ಆತಕೂರಿನ ವೀರಗಲ್ಲಿನ ಕಥೆಯನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆದೊಯ್ಯಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಒಂದಾಗಿ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಆ ನಾಯಿಯ ನೆನಪಿಗೆ ಸುಮಾರು 950ರಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ನಾಯಿ ಹಂದಿಗಳ ಸೆಣಸಾಟ ಇಂದಿಗೂ ಕಾಣುತ್ತದೆ. ಸ್ವಾಮಿನಿಷ್ಠೆಯ ಬಗ್ಗೆ ನೂರು ಉಪದೇಶ ಮಾಡಿದರೂ ಮಕ್ಕಳಿಗೆ ನಾಟದ ಮಾತು ಈ ಒಂದು ಕಲ್ಲಿನಿಂದ ನಾಟೀತು.

ಬೇಗೂರಿನ ಪ್ರಸಿದ್ಧ ಯುದ್ಧಶಿಲ್ಪವೂ ಈ ಸಂಗ್ರಹಾಲಯಕ್ಕೆ ಸೇರಿದೆ. ಬೇಗೂರು ನಮಗೆ ದೂರವಲ್ಲ. ಎಲೆಕ್ಟ್ರಾನಿಕ್ ಸಿಟಿಯ ಆಚೆಗಿದೆ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು 890ರ ಶಾಸನದಲ್ಲಿ 'ಬೆಂಗಳೂರು' ಎಂಬ ಹೆಸರು ಬರುತ್ತದೆ. ಬೆಂದ ಕಾಳಿನ ಕಥೆಯನ್ನು ಮಕ್ಕಳು ಎಲ್ಲೆಡೆ ಕೇಳಿರುತ್ತಾರೆ. ಅದಕ್ಕೂ ಎಷ್ಟೋ ಶತಮಾನ ಹಿಂದೆಯೇ ಈ ಹೆಸರಿತ್ತೆಂಬುದನ್ನು ಕಲ್ಲಿನ ಮುಂದೆಯೇ ನಿಲ್ಲಿಸಿ ತೋರಿಸಬಹುದು. ಇದನ್ನು ನೋಡಲು ಟಿಕೆಟ್ಟಿನ ಅಗತ್ಯವೇ ಇಲ್ಲ.

ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಮೈಸೂರು ಆಸ್ಥಾನದ ಕಲಾವಿದ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯಿದೆ. ಇವುಗಳ ಹಿಂಬದಿಗೇ ಕಬ್ಬನ್ ಉದ್ಯಾನ. ಅದರೊಳಗೆ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ. ಒಂದೇ ದಿನದಲ್ಲಿ ದೇಶವೂ ಆಯಿತು, ಕೋಶವೂ ಆಯಿತು.

ಕಾಸಿಲ್ಲದೆ ಕಲೆ

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಆರಂಭವಾದ ಸಂಸ್ಥೆ. ಅಲ್ಲಿನ ತೊಗಲುಗೊಂಬೆಗಳ ಸಂಗ್ರಹ ಹೆಸರಾದುದು. ಪರಿಷತ್ತು ನಡೆಸಿಕೊಂಡು ಬಂದಿರುವ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ನಡೆಯುತ್ತದೆ. ಅಂದು ಆ ರಸ್ತೆಯುದ್ದಕ್ಕೂ ನಾಡಿನ ಹಾಗೂ ಹೊರನಾಡಿನ ಕಲಾವಿದರು ಚಿತ್ರಗಳನ್ನು ಹರಡಿ ಕೂರುತ್ತಾರೆ. ನೋಡಲು ಒಂದು ಪೈಸೆಯೂ ಬೇಡ. ಚಿತ್ರ ಬರೆದವರನ್ನೇ ಎದುರಿಗೆ ಕಂಡು, "ಇದನ್ನು ಹೇಗೆ ಬರೆದಿರಿ?" ಎಂದು ಮಕ್ಕಳು ಕೇಳಬಹುದಾದ ಇಂಥ ಅವಕಾಶ ಬೇರೆಡೆ ದುರ್ಲಭ.

ನಾಟಕ, ಸಂಗೀತಗಳಲ್ಲಿ ಆಸಕ್ತಿಯುಳ್ಳವರು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದತ್ತ ಗಮನವಿಡಬೇಕು. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ಈ ರಂಗಮಂದಿರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದ ನಯನ ಸಭಾಂಗಣಗಳಲ್ಲಿ ಉಚಿತ ಕಾರ್ಯಕ್ರಮಗಳು ಆಗಾಗ ಏರ್ಪಡುತ್ತವೆ. ದಿನಪತ್ರಿಕೆಯ 'ನಗರದಲ್ಲಿ ಇಂದು' ಬಗೆಯ ಅಂಕಣವನ್ನು ನೋಡುವ ಅಭ್ಯಾಸವಿಟ್ಟುಕೊಂಡರೆ ಸಾಕು.

ದಾರಿಯ ಲೆಕ್ಕ

ನಮ್ಮವರಿಗೆ ಪ್ರವೇಶಶುಲ್ಕಕ್ಕಿಂತ ದಾರಿಖರ್ಚೇ ಹೆಚ್ಚು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋದ ಹಳದಿ ಮಾರ್ಗ ತೆರೆದ ಮೇಲೆ ಸಮಯದ ಉಳಿತಾಯವೇನೋ ಆಗಿದೆ. ಆದರೆ ನಾಲ್ವರು ಹೋಗಿ ಬರುವಷ್ಟರಲ್ಲಿ ಟಿಕೆಟ್ಟಿಗೇ ನೂರಾರು ರೂಪಾಯಿ ಬೇಕು. ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಗುರುತಿನ ಚೀಟಿ ಜೊತೆಗಿರಬೇಕು, ಹವಾನಿಯಂತ್ರಿತ ಬಸ್ಸನ್ನು ಹತ್ತಬಾರದು. ಅಂದು ಸೊಸೆಗೂ ಮೊಮ್ಮಗಳಿಗೂ ಬಸ್ಸಿನ ಖರ್ಚಿರಲಿಲ್ಲ. ನನ್ನ ಮತ್ತು ಮೊಮ್ಮಗನ ಟಿಕೆಟ್ಟು, ಪ್ರವೇಶಶುಲ್ಕ, ಮರಳುವಾಗ ಕುಡಿದ ಚಹಾ ಎಲ್ಲ ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ. ಸೊಸೆ ರೊಟ್ಟಿ, ಶೇಂಗಾಚಟ್ನಿ, ಮೊಸರನ್ನದ ಬುತ್ತಿ ಕಟ್ಟಿದ್ದಳು. ಮರದ ನೆರಳಲ್ಲಿ ಕುಳಿತು ಉಂಡೆವು.

ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಗೃಹಿಣಿಯರ ಗಮನಕ್ಕೆ ತರುವುದು ಉಚಿತ. ಹಲವು ಸಂಗ್ರಹಾಲಯಗಳಿಗೆ ಸೋಮವಾರ ರಜೆ. ದುರಸ್ತಿಗಾಗಿ ಕೆಲವನ್ನು ದೀರ್ಘಕಾಲ ಮುಚ್ಚುವುದೂ ಉಂಟಾದ್ದರಿಂದ ಹಿಂದಿನ ದಿನವೇ ದೂರವಾಣಿಯಲ್ಲಿ ವಿಚಾರಿಸಿ ಹೊರಡಿರಿ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ; ಆ ಸಂದರ್ಭದಲ್ಲಿ ಉಚಿತ ಪ್ರವೇಶ ನೀಡುವುದುಂಟು. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಆತುರ ಬೇಡ. ಒಂದು ದಿನಕ್ಕೆ ಒಂದೇ ಸ್ಥಳ. ಪ್ರತಿಯೊಂದು ಮಗುವೂ ತನಗೆ ಮೆಚ್ಚಿಗೆಯಾದ ಒಂದು ವಸ್ತುವನ್ನು ಆರಿಸಿಕೊಂಡು, ಮನೆಗೆ ಬಂದ ಮೇಲೆ ಅದರ ಚಿತ್ರ ಬರೆಯಲಿ. ಹಾಗೆ ನೋಡಿದ್ದು ಮರೆಯುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಆದರೆ ನಮ್ಮ ಹಾಸಿಗೆ ನಾವು ತಿಳಿದುಕೊಂಡದ್ದಕ್ಕಿಂತ ತುಸು ಉದ್ದವಾಗಿಯೇ ಇದೆ. ಈ ಕಲ್ಲುಗಳು, ಚಿತ್ರಗಳು, ರಂಗಮಂದಿರಗಳು ಶ್ರೀಮಂತರ ಸೊತ್ತಲ್ಲ, ನಾಡಿನ ಸೊತ್ತು. ನಾವು ಹೋಗದಿದ್ದರೆ ನಮ್ಮ ಮಕ್ಕಳು ಆ ಬಾಗಿಲುಗಳ ಹೊರಗೇ ಬೆಳೆಯುತ್ತಾರೆ, ನಾಳೆ ಅವರೂ "ಒಳಗ ಬಿಡ್ತಾರೇನ್ರಿ?" ಎಂದು ಕೇಳುತ್ತಾರೆ.

ಕಳೆದ ಹಬ್ಬಕ್ಕೆ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ಗೋಡೆಯ ಮೇಲೆ ಸೊಸೆ ಸುಣ್ಣದಲ್ಲಿ ಒಂದು ಜೋಡಿ ಎತ್ತುಗಳನ್ನು ಬರೆದಳು. ಮದುವೆಯಾಗಿ ಬಂದು ಹನ್ನೊಂದು ವರ್ಷಗಳಲ್ಲಿ ಅದೇ ಮೊದಲು. ಮೊಮ್ಮಗಳು ಅವಕ್ಕೆ ಕಣ್ಣು ತುಂಬಿದಳು. ಬರುವ ಭಾನುವಾರ ನೀವೂ ಬುತ್ತಿ ಕಟ್ಟಿರಿ.