ಡ್ರೈವ್ ಇದ್ದರೂ ಮೋಟರು ಸುಟ್ಟೀತು!

ಮಳೆಗಾಲ ಕಳೆದು ತೋಟಕ್ಕೆ ಮೊದಲ ನೀರು ಬಿಡುವ ದಿನ. 5 ಎಚ್.ಪಿ. ಮೋನೋಬ್ಲಾಕ್ ಪಂಪು ಚಾಲೂ ಮಾಡಿ ಗುಡ್ಡದ ಟಾಂಕಿಯ ಹತ್ತಿರ ಹೋದೆ. ಕಾಲು ಗಂಟೆಯಾದರೂ ನೀರಿಲ್ಲ. ಇಳಿದು ಬಂದರೆ ಶೆಡ್ಡಿನಲ್ಲಿ ಸುಟ್ಟ ವಾಸನೆ. ತಿಂಗಳುಗಟ್ಟಲೆ ಸುಮ್ಮನಿದ್ದ ಇಂಪೆಲ್ಲರ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು; ವೈಂಡಿಂಗ್ ಹೋಗಿತ್ತು. 'ವಿ.ಎಫ್.ಡಿ. ಇದೆಯಲ್ಲ, ಅದೇ ನೋಡಿಕೊಳ್ತದೆ' ಎಂಬ ಧೈರ್ಯವೇ ನನಗೆ ಮುಳುವಾಯ್ತು.

ಹೀಗಾದದ್ದೇಕೆ?

ನೇರ ಕರೆಂಟಿನಲ್ಲಿ ಮೋಟರು ಕಚ್ಚಿಕೊಂಡರೆ ಮಾಮೂಲಿಗಿಂತ ಐದಾರು ಪಟ್ಟು ಆಂಪಿಯರ್ ಎಳೆದು ಜೋರಾಗಿ ಗುಂಯ್‌ಗುಟ್ಟುತ್ತದೆ, ರಿಲೇ ಬೀಳುತ್ತದೆ. ಡ್ರೈವ್ ಹಾಗಲ್ಲ. ಅದು ಆಂಪಿಯರಿಗೆ ಮಿತಿ ಹಾಕಿ, ಕಡಿಮೆ ವೇಗದಲ್ಲೇ ತಿರುಗಿಸಲು ನೋಡುತ್ತದೆ. ಗದ್ದಲ ಕಡಿಮೆ. ಆದರೆ ತಂಪು ಮಾಡುವ ಫ್ಯಾನು ಇರುವುದು ಮೋಟರಿನ ಶಾಫ್ಟಿನಲ್ಲೇ. ಶಾಫ್ಟ್ ತಿರುಗದಿದ್ದರೆ ಗಾಳಿಯೂ ಇಲ್ಲ!

ನನ್ನ ಡ್ರೈವ್ 7.5 ಎಚ್.ಪಿ.ಯದ್ದು. ಅದರಲ್ಲಿ 12 ಆಂಪಿಯರ್ ಎಂದೇ ಇತ್ತು. ಮೋಟರಿನ ಫಲಕದಲ್ಲಿದ್ದುದು 8. ಕೂರಿಸಿದವರೂ ಬದಲಿಸಲಿಲ್ಲ, ನಾನೂ ಕೇಳಲಿಲ್ಲ.

ಈಗ ನಾನು ಮಾಡುವುದು

* ಹಂಗಾಮಿನ ಮೊದಲ ದಿನ ಮೈನ್ ತೆಗೆದು, ಹತ್ತು ನಿಮಿಷ ಕಾದು, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಮೈನ್ ತೆಗೆದ ಮೇಲೂ ಡ್ರೈವಿನೊಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಜೋಕೆ.

* ಡ್ರೈವಿಗೆ ಮೋಟರಿನ ಫಲಕದ ಆಂಪಿಯರನ್ನೇ ಕೊಟ್ಟಿದ್ದೇನೆ.

* ಹೆಚ್ಚಿನ ಡ್ರೈವ್‌ಗಳಲ್ಲಿ 'ಸ್ಟಾಲ್' ರಕ್ಷಣೆ ಇದೆ. ಆಂಪಿಯರ್ ಮಿತಿ ಮುಟ್ಟಿ, ವೇಗ ಏರದೆ ಇಂತಿಷ್ಟು ಸೆಕೆಂಡ್ ಕಳೆದರೆ ನಿಲ್ಲಬೇಕು ಎಂದು ಇಡಬಹುದು. ಜತೆಗೆ, ತಾನಾಗಿ ಮತ್ತೆ ಮತ್ತೆ ಚಾಲೂ ಆಗುವ ಏರ್ಪಾಡನ್ನು ತೆಗೆಸಿದ್ದೇನೆ. ಇಲ್ಲದಿದ್ದರೆ ಕಚ್ಚಿಕೊಂಡ ಮೋಟರಿಗೆ ಪೆಟ್ಟಿನ ಮೇಲೆ ಪೆಟ್ಟು.

* ಕನಿಷ್ಠ ವೇಗವೂ ಮುಖ್ಯ. ವೇಗ ಇಳಿದರೆ ನೀರೇರುವ ಎತ್ತರ ಅದರ ವರ್ಗದಷ್ಟು ಇಳಿಯುತ್ತದೆ. 50 ಹರ್ಟ್ಸ್‌ನಲ್ಲಿ ಹೆಚ್ಚೆಂದರೆ 50 ಮೀಟರ್ ದೂಡುವ ಪಂಪು 40ರಲ್ಲಿ 32 ಮೀಟರ್, 30ರಲ್ಲಿ 18 ಮೀಟರ್ ಮಾತ್ರ. ನನ್ನ ಟಾಂಕಿ 25 ಮೀಟರ್ ಮೇಲಿದೆ. 35 ಹರ್ಟ್ಸ್‌ನಲ್ಲಿ ಪಂಪು ತಿರುಗುತ್ತಿದ್ದರೂ ಹನಿ ನೀರು ಬೀಳದು. ಪಂಪಿನೊಳಗಿನ ನೀರೇ ಕಾಯುತ್ತದೆ. ಹಾಗಾಗಿ 40ಕ್ಕಿಂತ ಇಳಿಯದಂತೆ ಇಟ್ಟಿದ್ದೇನೆ. ಮೋಡ ಬಂದಾಗ ವೇಗ ಇಳಿಸುವ ಸೋಲಾರ್ ಪಂಪಿನವರು ಇದನ್ನು ಖಂಡಿತಾ ನೋಡಿಕೊಳ್ಳಿ.

* ವೇಗ ಏರಲು ಮೇಲಿನ ಮೋಟರಿಗೆ ಐದು-ಹತ್ತು ಸೆಕೆಂಡ್ ಕೊಡಬಹುದು. ತೀರಾ ಅವಸರ ಮಾಡಿದರೆ ಸರಿಯಿರುವ ಮೋಟರೂ ಮಿತಿ ಮುಟ್ಟಿ ತಡವರಿಸೀತು. ಕೊಳವೆಬಾವಿಯ ಸಬ್‌ಮರ್ಸಿಬಲ್‌ಗೆ ಮಾತ್ರ ಇದು ಉಲ್ಟಾ! ಅದರ ತಳದ ಬೇರಿಂಗಿಗೆ ನೀರಿನ ಪದರ ಸಿಗಲು ಬೇಗನೆ 30 ಹರ್ಟ್ಸ್ ದಾಟಬೇಕು. ತಯಾರಕರ ಪುಸ್ತಕದಲ್ಲಿ ಹೇಳಿದಷ್ಟೇ ಸಮಯ ಇಡಿ.

ಇಷ್ಟೆಲ್ಲ ಮಾಡಲು ಅರ್ಧ ಗಂಟೆ ಸಾಕು. ಡ್ರೈವ್ ಕೂರಿಸಲು ಬಂದವರನ್ನು ಕಳಿಸುವ ಮೊದಲು ಮೋಟರಿನ ಫಲಕ ತೋರಿಸಿ, ಅವರು ಇಟ್ಟ ಅಂಕಿಗಳನ್ನೆಲ್ಲ ಶೆಡ್ಡಿನ ಗೋಡೆಯಲ್ಲಿ ಬರೆಸಿಟ್ಟುಕೊಳ್ಳಿ.