ನಿಮಗಿದು ಗೊತ್ತೆ? ತೆಂಗಿನಕಾಯಿಯ ಮುಂದೆ ಅಡಿಕೆ

• ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆಯುತ್ತಿದ್ದ ಕಾಲಕ್ಕೆ, ಬೇರೆ ಸೂರ್ಯರನ್ನು ಸುತ್ತುವ ಒಂದು ಗ್ರಹವೂ ಪತ್ತೆಯಾಗಿರಲಿಲ್ಲ. ಸೂರ್ಯನಂಥ ನಕ್ಷತ್ರದ ಮೊದಲ ಗ್ರಹ ‘51 ಪೆಗಾಸಿ ಬಿ’ ಸಿಕ್ಕಿದ್ದು 1995ರಲ್ಲಿ. ಈಗ ಲೆಕ್ಕ 5,000 ದಾಟಿದೆ.

• ಕಣ್ಣಿಗೆ ಕಾಣದ ಗ್ರಹವನ್ನು ಹಿಡಿಯುವುದು ಹೇಗೆ? ಸುಲಿಯದ ತೆಂಗಿನಕಾಯಿಯ ಮುಂದೆ ಸುಲಿದ ಅಡಿಕೆಯೊಂದನ್ನು ಹಿಡಿಯಿರಿ. ಸೂರ್ಯನ ಮುಂದೆ ಗುರುಗ್ರಹ ಹೆಚ್ಚುಕಡಿಮೆ ಅಷ್ಟೇ. ಅಂಥ ಗ್ರಹ ಅಡ್ಡ ಹಾದಾಗ ನಕ್ಷತ್ರದ ಬೆಳಕು ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಭೂಮಿಯಷ್ಟು ಚಿಕ್ಕದಾದರೆ 10,000ದಲ್ಲಿ ಒಂದು ಪಾಲೂ ಇಲ್ಲ!

• ಹೀಗೆ ಸಿಕ್ಕ ಗ್ರಹವನ್ನು ಮತ್ತೆ ನೋಡಲು, ಅದು ಅಡ್ಡ ಬರುವ ಗಳಿಗೆಯನ್ನು ಮೊದಲೇ ಲೆಕ್ಕಹಾಕಿ, ದೂರದರ್ಶಕದ ಸಮಯ ಕಾದಿರಿಸಬೇಕು. ಆಗ ರಾತ್ರಿಯಾಗಿರಬೇಕು, ಮೋಡ ಇರಬಾರದು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಸುಳ್ಯ, ಕಡಬದ ಆಕಾಶವನ್ನು ನಂಬಿದರೆ ಕೆಲಸ ಕೆಟ್ಟಿತು.

• ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 2 ಮೀಟರ್ ‘ಹಿಮಾಲಯನ್ ಚಂದ್ರ’ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಒಣಹವೆಯಲ್ಲಿ. ಅದನ್ನು ನಡೆಸುವವರು ಮಾತ್ರ ನಮ್ಮ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ, ಉಪಗ್ರಹ ಸಂಪರ್ಕದ ಮೂಲಕ!