ಕೀಲುನೋವಿನ ಪುಡಿ, ಕಟ್ಟು, ಕಷಾಯ: ನಂಬಿಕೆ ಎಷ್ಟು, ನಿಜ ಎಷ್ಟು?

“ಕೀಲುನೋವೆಲ್ಲ ವಾಯು. ಎಲ್ಲಕ್ಕೂ ಒಂದೇ ಮದ್ದು.”

ವಯಸ್ಸಿನೊಂದಿಗೆ ಬರುವ ಮಂಡಿ ಸವೆತ ಒಂದು ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತ ಬೇರೆಯೇ ಕಾಯಿಲೆ. ಯೂರಿಕ್ ಆಮ್ಲದ ಹರಳು ಕೂತು ಕಾಲಿನ ಹೆಬ್ಬೆರಳು ಧಗಧಗಿಸುವ ಗೌಟ್ ಮತ್ತೊಂದು. ಸವೆದ ಕೀಲು ಬೆಳಗ್ಗೆ ಬಿಗಿದುಕೊಂಡಿದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಎರಡೂ ಕೈಗಳ ಬೆರಳ ಗೆಣ್ಣು ಊದಿ, ಎದ್ದು ಒಂದು ಗಂಟೆಯಾದರೂ ಮುಷ್ಟಿ ಕಟ್ಟಲಾಗದಿದ್ದರೆ ರುಮಟಾಯ್ಡ್ ಇರಬಹುದೇ ಎಂದು ನೋಡಿಸಲೇಬೇಕು. ಮೆಥೊಟ್ರೆಕ್ಸೇಟ್‌ನಂಥ ಔಷಧಿಯನ್ನು ಮೊದಲ ಕೆಲವು ತಿಂಗಳಲ್ಲೇ ಶುರುಮಾಡಿದರೆ ಕೀಲು ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಎಣ್ಣೆ, ಪಥ್ಯ ಎಂದು ವರ್ಷಗಟ್ಟಲೆ ಕಾದು ಸೊಟ್ಟಗಾದ ಬೆರಳನ್ನು ಯಾವ ಪದ್ಧತಿಯ ಮಾತ್ರೆಯೂ ನೆಟ್ಟಗೆ ಮಾಡಲಾರದು.

“ಮೂರೇ ದಿನಕ್ಕೆ ನೋವು ಮಾಯ. ಬರೀ ಬೇರು-ನಾರಿನ ಪುಡಿ, ಅಡ್ಡಪರಿಣಾಮವಿಲ್ಲ.”

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಮಾತು ಇದು. ಹೆಸರು, ಪದಾರ್ಥಗಳ ಪಟ್ಟಿ, ತಯಾರಿಕಾ ಪರವಾನಗಿ ಯಾವುದೂ ಇಲ್ಲದ ಪೊಟ್ಟಣದ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳು ಬೆರೆತಿರುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಸ್ಟೀರಾಯ್ಡ್ ಹೊಟ್ಟೆಗೆ ಹೋದರೆ ನೋವು ತಗ್ಗುತ್ತದೆ, ಹಸಿವು ಹೆಚ್ಚುತ್ತದೆ, ಮೈಗೆ ಹುರುಪು ಬರುತ್ತದೆ. ಮನೆಯವರು ಪುಡಿ ಕೊಟ್ಟವರಿಗೆ ಕೈಮುಗಿಯುತ್ತಾರೆ. ತಿಂಗಳುಗಳು ಕಳೆದಂತೆ ಮುಖ ಊದಿ ದುಂಡಾಗುತ್ತದೆ, ಸಕ್ಕರೆ, ಬಿ.ಪಿ. ಏರುತ್ತವೆ, ಚರ್ಮ ತೆಳುವಾಗುತ್ತದೆ, ಮೂಳೆ ಟೊಳ್ಳಾಗುತ್ತದೆ. ಮೂಳೆಯ ನೋವಿಗೆಂದು ತಿಂದದ್ದೇ ಮೂಳೆಯನ್ನು ಮುರಿಯುವಷ್ಟು ಸವೆಸುತ್ತದೆ.

ಇನ್ನೊಂದು ಅಪಾಯವಿದೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ದೇಹದ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಪುಡಿಯನ್ನು ಥಟ್ಟನೆ ಬಿಟ್ಟರೆ ವಾಂತಿ, ವಿಪರೀತ ಸುಸ್ತು, ರಕ್ತದೊತ್ತಡ ಕುಸಿತ ಕಾಣಿಸಿ ಜೀವಕ್ಕೇ ಕುತ್ತು ಬರಬಹುದು. ಆದ್ದರಿಂದ ಬಹಳ ದಿನ ತಿಂದಿರುವವರು ತಾವಾಗಿಯೇ ನಿಲ್ಲಿಸದೆ, ಪೊಟ್ಟಣ ಸಮೇತ ವೈದ್ಯರ ಬಳಿ ಬೇಗ ಹೋಗಬೇಕು. ಬೈಯುತ್ತಾರೆಂದು ಮುಚ್ಚಿಡಬೇಡಿ, ದಯವಿಟ್ಟು.

“ಗಿಡಮೂಲಿಕೆ ತಾನೇ, ಏನೂ ಆಗಲ್ಲ.”

ಗೌರಿ ಹಬ್ಬದ ಆಸುಪಾಸಿನಲ್ಲಿ ಬೇಲಿಯ ಮೇಲೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ಅಳೆದು ಕೊಟ್ಟರೆ ಇದೇ ಕಾಲ್ಚಿಸಿನ್ ಗೌಟ್‌ಗೆ ಒಳ್ಳೆಯ ಔಷಧಿ. ಗಡ್ಡೆ ತಿಂದವರು ಸತ್ತದ್ದೂ ಇದೆ. ನಾಟಿ ಔಷಧಿಯೆಲ್ಲ ಬೂಟಾಟಿಕೆ ಎನ್ನುವವರೂ, ಅದೆಲ್ಲ ನಿರಪಾಯ ಎನ್ನುವವರೂ ಈ ಬಳ್ಳಿಯನ್ನೊಮ್ಮೆ ನೋಡಲಿ. ಲೋಹ ಬಳಸಿದ ರಸೌಷಧಿಗಳಂತೂ ಇನ್ನೂ ಎಚ್ಚರ ಬೇಡುತ್ತವೆ. ಅಮೆರಿಕದ ಬೋಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದದ್ದು 2004ರಲ್ಲಿ ಪ್ರಕಟವಾಯಿತು.

“ಮೂಳೆ ಮುರಿದರೆ ನಾಟಿ ಕಟ್ಟೇ ವಾಸಿ.”

ಆಂಧ್ರದ ಪುತ್ತೂರಿನ ಕಟ್ಟು ಬೆಂಗಳೂರಿನ ಬೀದಿಗಳಲ್ಲೂ ಫಲಕ ಹಾಕಿಕೊಂಡಿದೆ. ಬಿದಿರಿನ ದಬ್ಬೆ ಇಟ್ಟು ಮೂಳೆ ಅಲುಗದಂತೆ ಹಿಡಿಯುವುದರ ಹಿಂದಿನ ತಿಳಿವಳಿಕೆ ಸರಿಯಾದದ್ದೇ. ಜಾಗ ಬಿಟ್ಟು ಸರಿಯದೆ ಮುರಿದ ಮೂಳೆ ಹಾಗೆ ಕೂಡಿಕೊಳ್ಳಲೂಬಹುದು. ಆದರೆ ಎಕ್ಸ್‌ರೇ ಇಲ್ಲದೆ ಮೂಳೆ ಎಲ್ಲಿ, ಹೇಗೆ ಮುರಿದಿದೆ ಎಂದು ಕೈಗೆ ಗೊತ್ತಾಗುವುದಿಲ್ಲ. ಪೆಟ್ಟಾದ ಕೈಕಾಲು ಮೊದಲ ಒಂದೆರಡು ದಿನ ಊದುತ್ತದೆ. ಬಿಗಿ ಕಟ್ಟಿನೊಳಗೆ ಊತಕ್ಕೆ ಜಾಗವಿಲ್ಲದೆ ರಕ್ತ ಹರಿಯುವುದು ನಿಂತರೆ, ಗಂಟೆಗಳೊಳಗೆ ಸ್ನಾಯು ಸಾಯಲು ಶುರುವಾಗುತ್ತದೆ. ಮಕ್ಕಳ ಮೊಣಕೈ ಮುರಿತದಲ್ಲಿ ಈ ಭಯ ಹೆಚ್ಚು. ಬೆರಳು ಜೋಮು ಹಿಡಿದರೆ, ತಣ್ಣಗಾಗಿ ನೀಲಿಗಟ್ಟಿದರೆ, ಬೆರಳು ಚಾಚಿದಾಗ ಮಗು ಚೀರಿದರೆ ರಾತ್ರಿಯಾದರೂ ಸರಿ, ಕಟ್ಟು ಬಿಚ್ಚಿ ಆಸ್ಪತ್ರೆಗೆ ಓಡಿ. ಇಲ್ಲವಾದರೆ ಮಗುವಿನ ಕೈಯೇ ಹೋಗಬಹುದು.

“ಎಣ್ಣೆ ತಿಕ್ಕಿದರೆ ಸವೆದ ಮಂಡಿ ಮತ್ತೆ ಬೆಳೆಯುತ್ತದೆ.”

ಬೆಳೆಯುವುದಿಲ್ಲ. ಬಿಗಿದ ಸ್ನಾಯು ಸಡಿಲವಾಗಿ ಹಾಯೆನಿಸುತ್ತದೆ. ಅದೂ ಸಣ್ಣ ಲಾಭವೇನಲ್ಲ. ಮಧುಮೇಹದಿಂದ ಪಾದಕ್ಕೆ ಸ್ಪರ್ಶ ತಿಳಿಯದವರಿಗೆ ಮಾತ್ರ ಲಕ್ಕಿ ಸೊಪ್ಪಿನ ಬಿಸಿ ಶಾಖ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ.

“ಮಂಡಿ ಸವೆದವರು ಕಾಲಾಡಿಸಬಾರದು.”

ತೊಡೆಯ ಸ್ನಾಯು ಸೊರಗಿದಷ್ಟೂ ಮಂಡಿಯ ಮೇಲಿನ ಹೊರೆ ಹೆಚ್ಚುತ್ತದೆ. ಅಮೆರಿಕದ ಕೀಲುರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ ಮಂಡಿ ಸವೆತಕ್ಕೆ ವ್ಯಾಯಾಮವನ್ನೂ ಚೀನೀಯರ ತಾಯ್ ಚಿಯನ್ನೂ ಬಲವಾಗಿ ಶಿಫಾರಸು ಮಾಡಿತು, ಯೋಗವನ್ನೂ ಒಪ್ಪಿತು. ನಮ್ಮಲ್ಲಿ ಸಾವಿರಾರು ರೂಪಾಯಿ ಸುರಿದು ಕೊಳ್ಳುವ ಗ್ಲುಕೋಸಮೈನ್ ಮಾತ್ರೆ ಬೇಡವೆಂದು ಅಷ್ಟೇ ಬಲವಾಗಿ ಹೇಳಿತು. ವಜ್ರಾಸನ ಹಾಕಲು ನೋವಾದರೆ ಅದನ್ನು ಬಿಟ್ಟು, ಕುರ್ಚಿಯಲ್ಲಿ ಕೂತು ಕಾಲು ನೀಡಿ ಹಿಡಿಯುವುದರಿಂದಲೇ ಶುರುಮಾಡಬಹುದು.